ದೇವರು ತನ್ನ ಜನರ ಮೇಲೆಯೇ ಮೊಕದ್ದಮೆ ಹೂಡಿದಾಗ

ಪ್ರಶ್ನೆ: ಬೈಬಲಿನ ಹಳೆ ಒಡಂಬಡಿಕೆಯಲ್ಲಿರುವ ಆಮೋಸ, ಯೆರೆಮೀಯರ ಪುಸ್ತಕಗಳನ್ನು ಮೊದಲ ಸಲ ಓದುತ್ತಿದ್ದೇನೆ. ಎಲ್ಲಿ ತೆರೆದರೂ ಶಿಕ್ಷೆ, ಬೆಂಕಿ, ನಾಶ. ಅದೂ ದೇವರು ತಾನೇ ಆರಿಸಿಕೊಂಡ ಜನಕ್ಕೆ! ಇಷ್ಟೊಂದು ಕೋಪ ಯಾಕೆ? ಇನ್ನೊಂದು ಅನುಮಾನ. "ದೇವರು ಹೀಗೆ ಹೇಳುತ್ತಾನೆ" ಅಂತ ಯಾರು ಬೇಕಾದರೂ ಹೇಳಬಹುದು, ಅಲ್ವಾ? ಈ ಪ್ರವಾದಿಗಳಿಗೆ ಆ ಅಧಿಕಾರ ಎಲ್ಲಿಂದ ಬಂತು?

ಉತ್ತರ: ನಿಮ್ಮ ಎರಡು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲು ಕೋಪದ ವಿಷಯ ನೋಡೋಣ.

ದೇವರು ತನ್ನ ಜನರ ಮೇಲೆ ಸಿಟ್ಟಾಗುತ್ತಾನೆ ಅನ್ನುವ ನಂಬಿಕೆ ಇಸ್ರೇಲಿನವರದ್ದು ಮಾತ್ರ ಆಗಿರಲಿಲ್ಲ. ಅಕ್ಕಪಕ್ಕದವರೂ ಹಾಗೇ ನಂಬಿದ್ದರು. 1868ರಲ್ಲಿ ಇಂದಿನ ಜೋರ್ಡಾನ್ ದೇಶದ ಧೀಬಾನ್‌ನಲ್ಲಿ ಒಂದು ಕಪ್ಪು ಕಲ್ಲಿನ ಶಾಸನ ಬೆಳಕಿಗೆ ಬಂತು. ಈಗ ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 9ನೇ ಶತಮಾನದಲ್ಲಿ ಮೋವಾಬಿನ ರಾಜ ಮೇಷ ಅದನ್ನು ಕೆತ್ತಿಸಿದ. ಇಸ್ರೇಲಿನ ರಾಜ ಒಮ್ರಿ ನಮ್ಮನ್ನು ಬಹಳ ಕಾಲ ತುಳಿದಿಟ್ಟ, ಯಾಕೆಂದರೆ ನಮ್ಮ ದೇವರು ಕೆಮೋಷ್ ತನ್ನ ನಾಡಿನ ಮೇಲೆ ಸಿಟ್ಟಾಗಿದ್ದ ಅಂತ ಅದರಲ್ಲಿದೆ. ಯಾಕೆ ಸಿಟ್ಟಾದ? ಜನ ಏನು ತಪ್ಪು ಮಾಡಿದ್ದರು? ಅದರ ಬಗ್ಗೆ ಒಂದು ಮಾತೂ ಇಲ್ಲ. ಸಿಟ್ಟು ಬಂತು, ಆಮೇಲೆ ಇಳಿಯಿತು, ಮೇಷ ಗೆದ್ದ.

ಹೀಬ್ರೂ ಪ್ರವಾದಿಗಳು ಬೇರೆಯಾಗುವುದು ಇಲ್ಲೇ. ಅವರ ಹತ್ತಿರ ಕಾರಣಗಳಿವೆ. ಸುಮ್ನೆ "ಪಾಪ ಮಾಡಿದಿರಿ" ಅಂತ ಹೇಳಿ ಮುಗಿಸುವುದಿಲ್ಲ. ಯಾರು, ಯಾರಿಗೆ, ಏನು ಮಾಡಿದರು ಅಂತ ಬಿಡಿಸಿ ಹೇಳುತ್ತಾರೆ. ನೀವು ಓದುತ್ತಿರುವ ಪುಸ್ತಕಗಳನ್ನು ಕೋರ್ಟಿನ ಕಡತ ಓದಿದ ಹಾಗೆ ಓದಿ ನೋಡಿ. ಆರೋಪ ಇದೆ, ಸಾಕ್ಷಿ ಇದೆ, ಆರೋಪಿಗೆ ಮಾತಾಡುವ ಅವಕಾಶ ಇದೆ. ತೀರ್ಪು ಕೊನೆಗೆ ಬರುತ್ತದೆ.

ಆಮೋಸನನ್ನೇ ತೆಗೆದುಕೊಳ್ಳಿ. ಕಾಲ ಕ್ರಿ.ಪೂ. 8ನೇ ಶತಮಾನದ ನಡುಭಾಗ. ಆಗ ಹೀಬ್ರೂ ಜನರದ್ದು ಎರಡು ರಾಜ್ಯ. ಉತ್ತರದಲ್ಲಿ ಇಸ್ರೇಲ್, ರಾಜಧಾನಿ ಸಮಾರ್ಯ. ದಕ್ಷಿಣದಲ್ಲಿ ಯೆಹೂದ, ರಾಜಧಾನಿ ಜೆರುಸಲೇಮ್. ಉತ್ತರವನ್ನು ಆಳುತ್ತಿದ್ದವನು ಎರಡನೇ ಯಾರೊಬ್ಬಾಮ. ಗಡಿ ವಿಸ್ತಾರವಾಗಿತ್ತು, ವ್ಯಾಪಾರ ಚೆನ್ನಾಗಿತ್ತು. ದಂತದ ಮಂಚಗಳ ಮೇಲೆ ಮಲಗುವವರನ್ನು ಆಮೋಸ ಬೈಯುತ್ತಾನಲ್ಲ, ಅದು ಬರೀ ಬಾಯಿಮಾತಲ್ಲ. 1930ರ ದಶಕದಲ್ಲಿ ಸಮಾರ್ಯದ ಅರಮನೆಯ ಜಾಗ ಅಗೆದಾಗ ನೂರಾರು ದಂತದ ಕೆತ್ತನೆ ಚೂರುಗಳು ಸಿಕ್ಕವು. ಪೀಠೋಪಕರಣಗಳಿಗೆ ಕೂಡಿಸುತ್ತಿದ್ದ ಅಲಂಕಾರ ಅವು.

ಆಮೋಸ ಉತ್ತರದವನಲ್ಲ. ಬೆತ್ಲೆಹೇಮಿನಿಂದ ದಕ್ಷಿಣಕ್ಕೆ, ಮರಳುಗಾಡಿನ ಅಂಚಿನಲ್ಲಿರುವ ತೆಕೋವದವನು. ಕುರಿ ಕಾಯುವುದು, ಕಾಡತ್ತಿ ಹಣ್ಣು ನೋಡಿಕೊಳ್ಳುವುದು ಅವನ ಕೆಲಸ. ಅವನು ಗಡಿ ದಾಟಿ ಬಂದು ಮಾತು ಶುರು ಮಾಡುವ ರೀತಿ ನೋಡಿ. ಮೊದಲು ದಮಸ್ಕದ ಮೇಲೆ ತೀರ್ಪು: ಗಿಲ್ಯಾದಿನ ಜನರನ್ನು ಕಬ್ಬಿಣದ ಹಂತಿಯಿಂದ ತುಳಿದಿರಿ. ಆಮೇಲೆ ಗಾಜಾ: ಊರಿಗೆ ಊರನ್ನೇ ಸೆರೆಹಿಡಿದು ಮಾರಿದಿರಿ. ತೂರ್, ಎದೋಮ್. ಅಮ್ಮೋನ್: ಗಡಿ ಹಿಗ್ಗಿಸೋದಕ್ಕೆ ಬಸುರಿಯರ ಹೊಟ್ಟೆ ಸೀಳಿದಿರಿ. ಕೇಳುವ ಇಸ್ರೇಲಿನವರಿಗೆ ಇದೆಲ್ಲ ಹಿತವಾಗೇ ಇದ್ದಿರಬೇಕು. ಶತ್ರುಗಳಿಗೆ ತಾನೆ ಬೈಗುಳ!

ಆರನೆಯದು ಮೋವಾಬ್. ಇಲ್ಲಿ ಸ್ವಲ್ಪ ನಿಲ್ಲಿ. ಮೋವಾಬಿನವರ ಅಪರಾಧ ಏನು ಗೊತ್ತಾ? ಎದೋಮಿನ ರಾಜನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ್ದು. ಸತ್ತವನು ಎದೋಮಿನವನು, ಸುಟ್ಟವರು ಮೋವಾಬಿನವರು. ಇಸ್ರೇಲಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಎದೋಮಿನವರನ್ನು ಆಮೋಸ ಆಗತಾನೇ ಖಂಡಿಸಿಯೂ ಆಗಿದೆ. ಆದರೂ ಅವರ ರಾಜನ ಶವಕ್ಕೆ ಆದ ಅವಮಾನಕ್ಕೆ ಇಸ್ರೇಲಿನ ದೇವರು ಲೆಕ್ಕ ಕೇಳುತ್ತಾನೆ. ಆ ಕಾಲದಲ್ಲಿ ಒಂದೊಂದು ನಾಡಿಗೆ ಒಂದೊಂದು ದೇವರು ಅನ್ನುವುದು ಸಾಮಾನ್ಯ ತಿಳುವಳಿಕೆ. ಆಮೋಸನ ದೇವರು ಆ ಗಡಿಯನ್ನು ಒಪ್ಪುವುದೇ ಇಲ್ಲ. ಯಾರಿಗೆ ಅನ್ಯಾಯವಾದರೂ ಅವನು ವಿಚಾರಿಸುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಮುಖ್ಯ ಅನಿಸುವ ಸಾಲು ಇದು.

ಏಳನೆಯದು ಯೆಹೂದ. ಅದಾದ ಮೇಲೆ ಕೇಳುತ್ತಾ ನಿಂತವರ ಸರದಿ. ಅವರ ಮೇಲಿನ ಆರೋಪದಲ್ಲಿ ಯುದ್ಧವೂ ಇಲ್ಲ, ಕೊಲೆಯೂ ಇಲ್ಲ. ಬಡವನನ್ನು ಒಂದು ಜೋಡಿ ಚಪ್ಪಲಿಗೆ ಮಾರಿದಿರಿ. ಅಡವಿಟ್ಟುಕೊಂಡ ಬಟ್ಟೆ ಹಾಸಿಕೊಂಡು ಗುಡಿಯ ಬಲಿಪೀಠದ ಪಕ್ಕದಲ್ಲೇ ಒರಗಿದಿರಿ. ಮುಂದೆ ಇನ್ನೂ ಇದೆ. ಅಳೆಯುವ ಕೊಳಗ ಚಿಕ್ಕದು, ತೂಗುವ ಕಲ್ಲು ದೊಡ್ಡದು, ಗೋಧಿಯ ಜೊತೆ ಹೊಟ್ಟನ್ನೂ ಸೇರಿಸಿ ಮಾರುತ್ತೀರಿ.

ಬಟ್ಟೆ ಅಡವಿಟ್ಟರೆ ಅಷ್ಟು ದೊಡ್ಡ ವಿಷಯವಾ ಅಂತ ಅನಿಸಬಹುದು. ಬಡವನಿಗೆ ಹಗಲಲ್ಲಿ ಹೊದೆಯುವುದೂ ರಾತ್ರಿ ಹಾಸುವುದೂ ಅದೊಂದೇ. ಅಡವಿಟ್ಟುಕೊಂಡರೂ ಸೂರ್ಯ ಮುಳುಗುವ ಮುಂಚೆ ವಾಪಸ್ ಕೊಡಬೇಕು ಅಂತ ವಿಮೋಚನಕಾಂಡದ ಕಾನೂನು ಹೇಳುತ್ತದೆ. ಅವನು ಮತ್ತೆ ಏನನ್ನು ಹೊದ್ದು ಮಲಗುತ್ತಾನೆ ಅಂತ ಕಾನೂನೇ ಕೇಳುತ್ತದೆ. ಇದು ಪುಸ್ತಕದ ಮಾತಷ್ಟೇ ಅಲ್ಲ ಅನ್ನೋದಕ್ಕೆ ಒಂದು ಮಡಕೆ ಚೂರಿದೆ. 1960ರಲ್ಲಿ ಮೆಡಿಟರೇನಿಯನ್ ಕರಾವಳಿಯ ಮೆತ್ಸಾದ್ ಹಶವ್ಯಾಹು ಅನ್ನುವ ಹಳೇ ಕೋಟೆಯಲ್ಲಿ ಸಿಕ್ಕಿತು. ಕಾಲ ಕ್ರಿ.ಪೂ. 7ನೇ ಶತಮಾನದ ಕೊನೆ. ಅದರ ಮೇಲೆ ಶಾಯಿಯಲ್ಲಿ ಬರೆದಿರುವುದು ಒಬ್ಬ ಕೊಯ್ಲು ಕೂಲಿಯವನ ಅರ್ಜಿ, ಅಧಿಕಾರಿಗೆ. ನನ್ನ ಪಾಲಿನ ಕೊಯ್ಲು ಮುಗಿಸಿದ್ದೆ, ಕಾಳು ತುಂಬಿಟ್ಟಿದ್ದೆ, ಆದರೂ ಶೋಬಾಯನ ಮಗ ಹೋಷಾಯಾಹು ಬಂದು ನನ್ನ ಬಟ್ಟೆ ಕಿತ್ತುಕೊಂಡ ಅಂತ ಅವನು ದೂರುತ್ತಾನೆ. ಜೊತೆಯಲ್ಲಿ ಬಿಸಿಲಲ್ಲಿ ಕೊಯ್ದವರು ನನ್ನ ಪರ ಸಾಕ್ಷಿ ಹೇಳುತ್ತಾರೆ, ನನ್ನ ಬಟ್ಟೆ ಕೊಡಿಸಿ ಅಂತ ಬೇಡುತ್ತಾನೆ. ಆಮೋಸ ತೀರಿಕೊಂಡು ನೂರು ವರ್ಷದ ಮೇಲಾಗಿತ್ತು. ಬಟ್ಟೆ ಕಿತ್ತುಕೊಳ್ಳುವುದು ಇನ್ನೂ ನಡೆಯುತ್ತಿತ್ತು.

ಈಗ ನಿಮ್ಮನ್ನು ಕಾಡಿದ ಮಾತಿಗೆ ಬರೋಣ. ಆರಿಸಿಕೊಂಡ ಜನಕ್ಕೇ ಶಿಕ್ಷೆ ಯಾಕೆ? ಆಮೋಸ ಮೂರನೇ ಅಧ್ಯಾಯದಲ್ಲಿ ದೇವರ ಮಾತಾಗಿ ನೇರವಾಗಿ ಹೇಳುತ್ತಾನೆ. ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮನ್ನು ಮಾತ್ರ ನಾನು ಹತ್ತಿರ ಮಾಡಿಕೊಂಡೆ, ಅದಕ್ಕೇ ನಿಮ್ಮ ತಪ್ಪಿಗೆಲ್ಲ ಲೆಕ್ಕ ಕೇಳುತ್ತೇನೆ. ಆ "ಅದಕ್ಕೇ" ಕೇಳುವವರ ಎದೆಗೆ ಹೊಡೆದಿರಬೇಕು. ಆಯ್ಕೆಯಾದೆವು, ಇನ್ನು ನಮಗೇನೂ ಆಗಲ್ಲ ಅಂತ ಅವರು ಅಂದುಕೊಂಡಿದ್ದರು. ಪ್ರವಾದಿ ಅದನ್ನು ತಿರುಗಿಸಿ ಇಡುತ್ತಾನೆ: ಆಯ್ಕೆಯಾದವರ ಹೊಣೆ ಉಳಿದವರಿಗಿಂತ ಜಾಸ್ತಿ. ಒಂಬತ್ತನೇ ಅಧ್ಯಾಯದಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ನಿಮ್ಮನ್ನು ಈಜಿಪ್ಟಿನಿಂದ ಕರೆತಂದದ್ದು ನಿಜ. ಫಿಲಿಷ್ಟಿಯರನ್ನು ಕಫ್ತೋರಿನಿಂದ, ಅರಾಮ್ಯರನ್ನು ಕೀರಿನಿಂದ ತಂದವನೂ ನಾನೇ ಅಲ್ಲವೇ? ಶತ್ರುಗಳಿಗೂ ಅವರದ್ದೇ ಒಂದು ಬಿಡುಗಡೆಯ ಕಥೆ ಇದೆ ಅನ್ನುವ ಮಾತು!

ಈ ತೀರ್ಪುಗಳ ಇನ್ನೊಂದು ಗುಣ ಓದುವಾಗ ಸುಲಭವಾಗಿ ಕಣ್ಣು ತಪ್ಪಿಸಿಬಿಡುತ್ತದೆ. ಆರೋಪಿಯ ಬಾಯಿಂದಲೇ ತೀರ್ಪು ಹೊರಡಿಸುವುದಕ್ಕೆ ಪ್ರವಾದಿಗಳು ತುಂಬಾ ಕಷ್ಟಪಡುತ್ತಾರೆ. ರಾಜ ದಾವೀದ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯುವ ಹಾಗೆ ಮಾಡಿದ. ಪ್ರವಾದಿ ನಾತಾನ ಬಂದು ಬೈಯಲಿಲ್ಲ, ಒಂದು ಕಥೆ ಹೇಳಿದ. ಸಿರಿವಂತನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡು ಕೊಯ್ದ ಕಥೆ. ದಾವೀದನಿಗೆ ಸಿಟ್ಟು ನೆತ್ತಿಗೇರಿ, ಅವನು ಸಾಯಲೇಬೇಕು ಅಂದ. ನಾತಾನ ಅಂದ: ಆ ಮನುಷ್ಯ ನೀನೇ. ಯೆಶಾಯ ತನ್ನ ದ್ರಾಕ್ಷಿತೋಟದ ಹಾಡಿನಲ್ಲಿ ಮಾಡುವುದೂ ಇದನ್ನೇ. ಚೆನ್ನಾಗಿ ಅಗೆದು ನೆಟ್ಟ ತೋಟ ಹುಳಿ ಕಾಯಿ ಬಿಟ್ಟರೆ ಏನು ಮಾಡಬೇಕು, ನೀವೇ ನ್ಯಾಯ ಹೇಳಿ ಅಂತ ಜೆರುಸಲೇಮಿನವರನ್ನು ಕೇಳುತ್ತಾನೆ. ಮೀಕನ ಆರನೇ ಅಧ್ಯಾಯದಲ್ಲಂತೂ ದೇವರೇ ಕೇಳುತ್ತಾನೆ: ನನ್ನ ಜನವೇ, ನಾನು ನಿನಗೇನು ಮಾಡಿದೆ? ಯಾವುದರಲ್ಲಿ ನಿನ್ನನ್ನು ದಣಿಸಿದೆ? ಉತ್ತರ ಕೊಡು. ಬರೀ ಶಿಕ್ಷಿಸುವ ಇಷ್ಟ ಇದ್ದವನು ಹೀಗೆಲ್ಲ ಕೇಳುವುದಿಲ್ಲ. ತಪ್ಪು ಮಾಡಿದವನಿಗೆ ತನ್ನ ತಪ್ಪು ಕಾಣಬೇಕು ಅನ್ನುವ ಹಂಬಲ ಇದು.

ಇನ್ನು ಎರಡನೇ ಪ್ರಶ್ನೆ, ಅಧಿಕಾರದ್ದು.

ನಿಮ್ಮ ಅನುಮಾನ ಹೊಸದೇನಲ್ಲ. ಯೂಫ್ರಟೀಸ್ ನದಿ ದಡದ ಮಾರಿ ನಗರದಲ್ಲಿ ಕ್ರಿ.ಪೂ. 18ನೇ ಶತಮಾನದ ಮಣ್ಣಿನ ಹಲಗೆಗಳು ಸಿಕ್ಕಿವೆ. ಇಂಥ ಗುಡಿಯಲ್ಲಿ ಇಂಥವರ ಮೇಲೆ ದೇವರು ಬಂದು ಹೀಗೆ ನುಡಿದ ಅಂತ ಅಧಿಕಾರಿಗಳು ರಾಜ ಜಿಮ್ರಿ-ಲಿಮ್‌ಗೆ ಬರೆದ ಪತ್ರಗಳು ಅದರಲ್ಲಿವೆ. ಕೆಲವು ಪತ್ರಗಳ ಜೊತೆ ನುಡಿದವರ ಕೂದಲೆಳೆಯನ್ನೂ ಸೆರಗಿನ ತುದಿಯನ್ನೂ ಕಳಿಸಿದ್ದಾರೆ, ಮಾತನ್ನು ಪರೀಕ್ಷೆ ಮಾಡೋದಕ್ಕೆ. ದೇವರ ಹೆಸರಿನ ಮಾತನ್ನು ಯಾರೂ ಕಣ್ಣುಮುಚ್ಚಿ ನಂಬುತ್ತಿರಲಿಲ್ಲ.

ಇಸ್ರೇಲಿನಲ್ಲೂ ಪ್ರವಾದಿಗಳಿಗೆ ಬರ ಇರಲಿಲ್ಲ. ರಾಜ ಅಹಾಬ ಯುದ್ಧಕ್ಕೆ ಹೋಗಲೋ ಬೇಡವೋ ಅಂತ ಕೇಳಿದಾಗ ಸುಮಾರು ನಾನೂರು ಪ್ರವಾದಿಗಳು ಒಂದೇ ದನಿಯಲ್ಲಿ "ಹೋಗು, ಗೆಲುವು ನಿನ್ನದೇ" ಅಂದರು. ಮೀಕಾಯೆಹು ಒಬ್ಬ ಮಾತ್ರ ಬೇರೆ ಹೇಳಿದ, ಜೈಲಿಗೆ ಹೋದ. ಅಹಾಬ ಯುದ್ಧದಲ್ಲಿ ಸತ್ತ. ಆಮೋಸನಿಗೂ ಉತ್ತರ ರಾಜ್ಯದ ಗುಡಿಯೂರು ಬೇತೇಲಿನಲ್ಲಿ ಇದೇ ಕಥೆ. ಅರ್ಚಕ ಅಮಚ್ಯ ಅವನನ್ನು ತಡೆದು, ನಿಮ್ಮೂರಿಗೆ ಹೋಗಿ ಅಲ್ಲಿ ಪ್ರವಾದನೆ ಹೇಳಿ ಹೊಟ್ಟೆ ಹೊರೆದುಕೋ, ಇದು ರಾಜನ ಗುಡಿ ಅಂದ. ದೇವರ ಗುಡಿ ಅನ್ನಲಿಲ್ಲ ನೋಡಿ! ಆಮೋಸನ ಉತ್ತರ: ನಾನು ಆ ಕಸುಬಿನವನಲ್ಲ, ಮಂದೆಯ ಹಿಂದಿದ್ದವನನ್ನು ಯೆಹೋವನೇ (ಇಸ್ರೇಲಿನ ದೇವರ ಹೆಸರು) ಎಬ್ಬಿಸಿ ಕಳಿಸಿದ. ಅವನ ಕೈಯಲ್ಲಿ ಹುದ್ದೆ ಇಲ್ಲ, ವಂಶ ಇಲ್ಲ, ರಾಜಮುದ್ರೆ ಇಲ್ಲ. ರಾಜನಿಗಿಂತ ಮೇಲೆ ಒಂದು ಕಾನೂನಿದೆ ಅನ್ನುವ ನಂಬಿಕೆ ಆ ನಾಡಿನಲ್ಲಿ ಮೊದಲೇ ಇದ್ದದ್ದರಿಂದ ಅಂಥವನ ಮಾತಿಗೂ ತೂಕ ಬಂತು.

ಅಧಿಕಾರದ ಪ್ರಶ್ನೆ ಪೂರ್ತಿ ಬಿಚ್ಚಿಕೊಳ್ಳುವುದು ಯೆರೆಮೀಯನ 28ನೇ ಅಧ್ಯಾಯದಲ್ಲಿ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರ ಜೆರುಸಲೇಮಿನ ರಾಜನನ್ನೂ ಗುಡಿಯ ಪಾತ್ರೆಗಳನ್ನೂ ಹೊತ್ತೊಯ್ದಿದ್ದ. ಕೆಲವು ವರ್ಷದ ಮೇಲೆ ಯೆರೆಮೀಯ ಕತ್ತಿಗೆ ನೊಗ ಹಾಕಿಕೊಂಡು ಓಡಾಡುತ್ತಿದ್ದ: ಬಾಬಿಲೋನಿಗೆ ತಗ್ಗಿ ನಡೆಯಿರಿ, ಇಲ್ಲದಿದ್ದರೆ ಇರುವುದೂ ಹೋಗುತ್ತದೆ. ಗುಡಿಯಲ್ಲಿ ಎಲ್ಲರೆದುರು ಹನನ್ಯ ಅನ್ನುವ ಪ್ರವಾದಿ ಎದ್ದು ನಿಂತ. ಗಿಬ್ಯೋನ್ ಅನ್ನುವ ಊರಿನವನು. ಅವನೂ "ಯೆಹೋವನು ಹೀಗೆ ಹೇಳುತ್ತಾನೆ" ಅಂತಲೇ ಶುರು ಮಾಡಿದ. ಎರಡು ವರ್ಷದೊಳಗೆ ಪಾತ್ರೆಗಳೂ ಸೆರೆಯವರೂ ವಾಪಸ್ ಬರುತ್ತಾರೆ ಅಂದ.

ಯೆರೆಮೀಯ ಏನಂದ? "ಆಮೆನ್! ಹಾಗೇ ಆಗಲಿ." ಇದರಲ್ಲಿ ಕೊಂಕಿಲ್ಲ ಅಂತ ನಾನು ಓದುತ್ತೇನೆ. ತನ್ನ ಮಾತು ಸುಳ್ಳಾಗಿ ಊರು ಉಳಿದರೆ ಅವನಿಗೆ ಸಂತೋಷವೇ. ಆದರೆ ಹಿಂದಿನ ಪ್ರವಾದಿಗಳು ಯುದ್ಧ, ಬರ, ರೋಗದ ಬಗ್ಗೆ ಹೇಳಿದರು, ಸಮಾಧಾನ ಹೇಳುವವನ ಮಾತು ನಡೆದಾಗಲೇ ಅವನನ್ನು ನಂಬಬೇಕು ಅಂತ ಒಂದು ಎಚ್ಚರಿಕೆ ಸೇರಿಸಿದ. ಹನನ್ಯ ಆ ನೊಗವನ್ನು ಕಿತ್ತು ಮುರಿದ. ಆಗ ಯೆರೆಮೀಯ ತನ್ನ ದಾರಿ ಹಿಡಿದು ಹೋದ ಅಂತಿದೆ. ಅಷ್ಟೇ! ಜನರ ಮುಂದೆ ಸೋತವನ ಹಾಗೆ ಹೊರಟುಹೋದ. ಆ ಗಳಿಗೆಯಲ್ಲಿ ಅವನ ಹತ್ತಿರ ಹೇಳೋದಕ್ಕೆ ದೇವರ ಮಾತಿರಲಿಲ್ಲ, ತಾನೇ ಒಂದು ಕಟ್ಟಿ ಹೇಳಲೂ ಇಲ್ಲ. ಆಮೇಲೆ ಮಾತು ಬಂತು: ಮರದ ನೊಗ ಮುರಿದೆ, ಅದರ ಬದಲು ಕಬ್ಬಿಣದ ನೊಗ ಬರುತ್ತದೆ. ಹನನ್ಯ ಅದೇ ವರ್ಷ ತೀರಿಕೊಂಡ. 42ನೇ ಅಧ್ಯಾಯದಲ್ಲೂ ಹೀಗೇ ಆಗುತ್ತದೆ. ಜೆರುಸಲೇಮ್ ಬಾಬಿಲೋನಿನ ವಶವಾದ ಮೇಲೆ ಉಳಿದವರು ಈಜಿಪ್ಟಿಗೆ ಓಡೋಣವೇ, ಇಲ್ಲೇ ಇರೋಣವೇ ಅಂತ ಪ್ರಾಣ ಕೈಯಲ್ಲಿ ಹಿಡಿದು ಕೇಳುತ್ತಾರೆ. ಯೆರೆಮೀಯನಿಗೆ ಉತ್ತರ ಸಿಗುವುದು ಹತ್ತು ದಿನದ ಮೇಲೆ. ನಿಜವಾದ ಪ್ರವಾದಿಗೆ ಅಧಿಕಾರ ಇದೆ, ಆದರೆ ಅದು ಅವನ ಕೈಯಲ್ಲಿಲ್ಲ. ಬೇಕಾದಾಗ ತೆಗೆದು ಬಳಸಲು ಬರುವುದಿಲ್ಲ.

ಹಾಗಾದರೆ ಜನ ಗುರುತಿಸುವುದು ಹೇಗೆ? ಹೇಳಿದ್ದು ನಡೆಯದಿದ್ದರೆ ಸುಳ್ಳು ಪ್ರವಾದಿ ಅಂತ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಹೇಳುತ್ತದೆ. ಆದರೆ ಎರಡು ವರ್ಷ ಕಾಯುವಷ್ಟು ಪುರುಸೊತ್ತು ಆ ಜನಕ್ಕೆಲ್ಲಿತ್ತು? ಮೀಕ ಇನ್ನೊಂದು ಗುರುತು ಕೊಡುತ್ತಾನೆ: ಬಾಯಿಗೆ ಏನಾದರೂ ಹಾಕಿದವರಿಗೆ ಶಾಂತಿ, ಹಾಕದವರಿಗೆ ಯುದ್ಧ ಅನ್ನುವವರನ್ನು ನಂಬಬೇಡಿ. ಇದು ಒಳ್ಳೇ ಗುರುತು, ಆದರೆ ಸಾಲದು. ಕೆಟ್ಟ ಸುದ್ದಿ ಹೇಳುವವರೆಲ್ಲ ನಿಜ ಹೇಳುವವರಲ್ಲವಲ್ಲ. ಈ ಪುಸ್ತಕಗಳು ಒಂದು ಖಚಿತ ಸೂತ್ರ ಕೊಡುವುದಿಲ್ಲ, ಕೇಳುವವನ ಮೇಲೂ ಹೊಣೆ ಹಾಕುತ್ತವೆ.

ಹೇಳಿದ್ದು ನಡೆಯಬೇಕು ಅನ್ನುವ ಪರೀಕ್ಷೆಗೆ ಒಂದು ದೊಡ್ಡ ತೊಡಕೂ ಇದೆ. ತೀರ್ಪು ಸಾರುವುದೇ ಅದು ನಡೆಯದೇ ಇರಲಿ ಅಂತ. ಯೆರೆಮೀಯ ಗುಡಿಯ ಅಂಗಳದಲ್ಲಿ ನಿಂತು, ಕದಿಯುತ್ತೀರಿ, ಸುಳ್ಳು ಆಣೆ ಇಡುತ್ತೀರಿ, ಆಮೇಲೆ ಇಲ್ಲಿ ಬಂದು "ಬದುಕಿದೆವು" ಅನ್ನುತ್ತೀರಿ, ಈ ಗುಡಿಯೂ ಹಾಳಾಗುತ್ತದೆ ಅಂದಾಗ ಅವನನ್ನು ಕೊಲ್ಲಬೇಕು ಅಂತ ಅರ್ಚಕರು ಹಟ ಹಿಡಿದರು. ಆಗ ಊರ ಹಿರಿಯರು ನೂರು ವರ್ಷ ಹಿಂದಿನ ಒಂದು ಪ್ರಕರಣ ಎತ್ತಿದರು. ಚೀಯೋನ್, ಅಂದರೆ ಜೆರುಸಲೇಮ್, ಹೊಲದ ಹಾಗೆ ಉತ್ತುಹೋಗುತ್ತದೆ ಅಂತ ಮೀಕ ಹೇಳಿದ್ದ. ರಾಜ ಹಿಜ್ಕೀಯ ಅವನನ್ನು ಕೊಂದನೇ? ಹೆದರಿ ದೇವರನ್ನು ಬೇಡಿಕೊಂಡ, ಕೇಡು ತಪ್ಪಿತು. ಅಂದರೆ ಮೀಕನ ಮಾತು ನಡೆಯಲಿಲ್ಲ, ಆದರೂ ಅವನು ನಿಜ ಪ್ರವಾದಿಯೇ. ಯೆರೆಮೀಯ ಉಳಿದ. ಅದೇ ಮಾತು ಹೇಳಿದ ಊರೀಯ ಅನ್ನುವ ಪ್ರವಾದಿ ಉಳಿಯಲಿಲ್ಲ. ಅವನು ಈಜಿಪ್ಟಿಗೆ ಓಡಿದರೂ ರಾಜ ಯೆಹೋಯಾಕೀಮ ಹಿಡಿದು ತರಿಸಿ ಕೊಂದ. (ಇವನು ದಾವೀದನ ಕಾಲದ ಊರೀಯನಲ್ಲ.)

ಇದೇ ಯೆಹೋಯಾಕೀಮ ಪ್ರವಾದಿಯ ಮಾತಿಗೆ ಏನು ಮಾಡಿದ ಅನ್ನುವುದು 36ನೇ ಅಧ್ಯಾಯದಲ್ಲಿದೆ. ಚಳಿಗಾಲ. ಅವನ ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಯೆರೆಮೀಯ ಹೇಳಿ ಬಾರೂಕ ಬರೆದ ಸುರುಳಿಯನ್ನು ಓದಿಸುತ್ತಾನೆ. ಮೂರು ನಾಲ್ಕು ಕಾಲಂ ಓದಿದ ಕೂಡಲೇ ಬರಹಗಾರನ ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಸುಡಬೇಡಿ ಅಂತ ಬೇಡಿಕೊಂಡವರಲ್ಲಿ ಶಾಫಾನನ ಮಗ ಗೆಮರ್ಯ ಒಬ್ಬ. 1982ರಲ್ಲಿ ಜೆರುಸಲೇಮಿನ ದಾವೀದನ ನಗರ ಅನ್ನುವ ಜಾಗದಲ್ಲಿ ಯಿಗಾಲ್ ಶಿಲೋ ಅವರ ಉತ್ಖನನದಲ್ಲಿ ಸಿಕ್ಕ ಮಣ್ಣಿನ ಮುದ್ರೆಗಳಲ್ಲಿ ಒಂದರ ಮೇಲೆ "ಶಾಫಾನನ ಮಗ ಗೆಮರ್ಯಾಹು" ಅಂತಿದೆ. ಸುಟ್ಟ ಸುರುಳಿಯನ್ನು ಬಾರೂಕ ಮತ್ತೆ ಬರೆದ, ಈ ಸಲ ಇನ್ನೂ ಜಾಸ್ತಿ ಮಾತು ಸೇರಿಸಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಷ್ಟ ಉಳಿಯುತ್ತದೆ, ಅದನ್ನು ಮುಚ್ಚಿಡಲು ನನಗಿಷ್ಟವಿಲ್ಲ. ತೀರ್ಪು ಬಂದಾಗ ಸೈನ್ಯದ ರೂಪದಲ್ಲಿ ಬಂತು. ಕ್ರಿ.ಪೂ. 722ರ ಹೊತ್ತಿಗೆ ಸಮಾರ್ಯ ಬಿತ್ತು. 27,290 ಜನರನ್ನು ಹೊತ್ತೊಯ್ದೆ ಅಂತ ಅಶ್ಶೂರದ ರಾಜ ಎರಡನೇ ಸರ್ಗೋನ್ ಬರೆಸಿಕೊಂಡಿದ್ದಾನೆ. ಅವರಲ್ಲಿ ಚಪ್ಪಲಿಗೆ ಮಾರಿಹೋದ ಬಡವರೂ ಇದ್ದಿರಲೇಬೇಕಲ್ಲ? ಅಶ್ಶೂರ ಬರೀ ದೇವರ ಕೈಯ ಕೋಲು, ಅದು ಬೀಗಿದರೆ ಅದಕ್ಕೂ ಶಿಕ್ಷೆ ಇದೆ ಅಂತ ಯೆಶಾಯ ಹೇಳುತ್ತಾನೆ. ಸಾಮ್ರಾಜ್ಯವೂ ಜವಾಬುದಾರ ಅನ್ನುವುದು ದೊಡ್ಡ ಮಾತೇ. ಆದರೆ ಕೋಲಿನ ಏಟು ತಿಂದ ನಿರಪರಾಧಿಗೆ ಅದು ಉತ್ತರ ಅಲ್ಲ. ಯೆಹೆಜ್ಕೇಲನ 18ನೇ ಅಧ್ಯಾಯ ಅಪ್ಪನ ಪಾಪಕ್ಕೆ ಮಗ ಸಾಯುವುದಿಲ್ಲ ಅನ್ನುತ್ತದೆ. ಅದೇ ಪುಸ್ತಕದ 21ನೇ ಅಧ್ಯಾಯ ನೀತಿವಂತನನ್ನೂ ದುಷ್ಟನನ್ನೂ ಒಟ್ಟಿಗೆ ಕಡಿಯುತ್ತೇನೆ ಅನ್ನುತ್ತದೆ. ಇವೆರಡನ್ನೂ ಹೊಂದಿಸುವುದಕ್ಕೆ ನಾನು ಹೋಗುವುದಿಲ್ಲ. 16ನೇ ಅಧ್ಯಾಯದಲ್ಲಿ ನಗರವನ್ನು ಹೆಂಗಸಾಗಿ ಚಿತ್ರಿಸಿ ಅವಳನ್ನು ಬೆತ್ತಲೆ ಮಾಡುವ ಶಿಕ್ಷೆ ಬರುತ್ತದೆ. ಅದನ್ನು ಓದುವಾಗ ನಿಮಗೆ ಹಿಂಸೆಯಾದರೆ ನಿಮ್ಮ ಓದಿನಲ್ಲಿ ತಪ್ಪಿಲ್ಲ.

ಪ್ರವಾದಿಗಳೇ ಇದನ್ನು ಸುಮ್ಮನೆ ನುಂಗಿಕೊಂಡವರಲ್ಲ. ದುಷ್ಟನು ತನಗಿಂತ ಒಳ್ಳೆಯವನನ್ನು ನುಂಗುವಾಗ ಯಾಕೆ ಸುಮ್ಮನಿದ್ದೀಯ ಅಂತ ಹಬಕ್ಕೂಕ ದೇವರನ್ನೇ ಕೇಳುತ್ತಾನೆ. ಮಿಡತೆಯ ದರ್ಶನ, ಬೆಂಕಿಯ ದರ್ಶನ ಕಂಡಾಗ ಆಮೋಸ, ಬೇಡ, ಯಾಕೋಬ (ಅಂದರೆ ಇಸ್ರೇಲ್) ಎಷ್ಟು ಚಿಕ್ಕವನು, ತಡೆದುಕೊಳ್ಳಲಾರ ಅಂತ ಅಡ್ಡ ಬರುತ್ತಾನೆ. ಎರಡು ಸಲವೂ ದೇವರು ಮನಸ್ಸು ಬದಲಿಸುತ್ತಾನೆ. ಹೋಶೇಯನ 11ನೇ ಅಧ್ಯಾಯದಲ್ಲಿ ದೇವರೇ ತನ್ನ ಜೊತೆ ಜಗಳಕ್ಕೆ ಬೀಳುತ್ತಾನೆ: ಎಫ್ರಾಯೀಮೇ (ಉತ್ತರ ರಾಜ್ಯದ ಇನ್ನೊಂದು ಹೆಸರು), ನಿನ್ನನ್ನು ಹೇಗೆ ಬಿಟ್ಟುಕೊಡಲಿ? ತೀರ್ಪು ಕೊಡುವವನಿಗೂ ಅದು ನೋಯುತ್ತದೆ ಅನ್ನುವುದನ್ನು ಇಷ್ಟು ಬಿಚ್ಚಿ ಹೇಳಿದ ಮಾತು ಬೇರೆ ಪ್ರವಾದಿಗಳಲ್ಲಿ ನನಗೆ ಕಂಡಿಲ್ಲ.

ಓದಿನ ಬಗ್ಗೆ ಒಂದು ಸಲಹೆ. ಆಮೋಸನನ್ನು ಒಂದೇ ಸಲ ಕೂತು ಓದಿ, ಒಂಬತ್ತೇ ಅಧ್ಯಾಯ. ಯೆರೆಮೀಯನನ್ನು ಮಾತ್ರ ಮೊದಲ ಪುಟದಿಂದ ಸಾಲಾಗಿ ಓದಬೇಡಿ. ಅದರಲ್ಲಿ ಅಧ್ಯಾಯಗಳು ಕಾಲಕ್ರಮದಲ್ಲಿಲ್ಲ. ಹಳೆಯ ಗ್ರೀಕ್ ಪಾಠದಲ್ಲಂತೂ ಪುಸ್ತಕವೇ ಚಿಕ್ಕದು, ಅಧ್ಯಾಯಗಳ ಜೋಡಣೆಯೂ ಬೇರೆ. ನೀವು ಹೀಗೆ ಓದಿ: 26, ಆಮೇಲೆ 36, ಆಮೇಲೆ 28, 29, ಕೊನೆಗೆ 37ರಿಂದ 42. ಈ ಕ್ರಮದಲ್ಲಿ ಹೋದರೆ ಕ್ರಿ.ಪೂ. 609ರಿಂದ ಜೆರುಸಲೇಮ್ ಬಿದ್ದ ಮೇಲಿನವರೆಗೆ ಕಥೆ ಕೈಗೆ ಸಿಗುತ್ತದೆ, ಉಳಿದ ಪದ್ಯಭಾಗಗಳು ಯಾವ ಗಳಿಗೆಯಲ್ಲಿ ಹುಟ್ಟಿರಬಹುದು ಅನ್ನುವುದೂ ಹೊಳೆಯುತ್ತದೆ. ಇದೆಲ್ಲ ಆದ ಮೇಲೆ ಯೋನನ ನಾಲ್ಕು ಅಧ್ಯಾಯ ಓದಿ. ಅಲ್ಲಿ ತೀರ್ಪು ರದ್ದಾದದ್ದಕ್ಕೆ ಸಿಟ್ಟಾಗುವವನು ಪ್ರವಾದಿ.